ಗರ್ಭಿಣಿಯರಲ್ಲಿ ಸೋಂಕು: ತಡೆಯುವ ದಾರಿ

ಇವತ್ತಿನ ಮಾತು ಮನೆಯಲ್ಲಿ ಬಸುರಿ ಹೆಣ್ಣುಮಗಳು ಇರುವವರಿಗಾಗಿ. ಇದು ಹೆಂಗಸರ ವಿಷಯ ಎಂದುಕೊಂಡು ಗಂಡಸರು ಎದ್ದು ಹೋಗಬಾರದು. ಇದರಲ್ಲಿ ಅವರು ಮಾಡಬೇಕಾದ ಕೆಲಸವೂ ಇದೆ, ಮಾಡಿಸಿಕೊಳ್ಳಬೇಕಾದ ಪರೀಕ್ಷೆಯೂ ಇದೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಸಿರುಮುಗೈ ಕಡೆಯ ಒಂದು ನೇಕಾರರ ಬೀದಿ. ಚಾಮರಾಜನಗರದ ಕಡೆಯಿಂದ ಮದುವೆಯಾಗಿ ಬಂದ ಸೊಸೆ ಈಗ ಐದು ತಿಂಗಳ ಬಸುರಿ. ಅತ್ತೆ ಆಕೆಯನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದಾರೆ. ನರ್ಸಮ್ಮ ತಮಿಳಿನಲ್ಲಿ ಕೇಳುತ್ತಾರೆ: "ಕಣ್ಣು, ನೀರ್ ಕಡುಪ್ಪು ಇರುಕ್ಕಾ? ವೆಳ್ಳೈ ಪಡುದಾ?" ಸೊಸೆಗೆ ಅಂಗಡಿಯ ತಮಿಳು ಬಂದಿದೆ, ಬಸ್ಸಿನ ತಮಿಳು ಬಂದಿದೆ. ಈ ಮಾತುಗಳು ಇನ್ನೂ ಬಂದಿಲ್ಲ. ಕೇಳಿ ತಿಳಿಯೋಣವೆಂದರೆ ಪಕ್ಕದಲ್ಲಿ ಅತ್ತೆ ನಿಂತಿದ್ದಾರೆ, ಹಿಂದೆ ಸಾಲಿನಲ್ಲಿ ಬೀದಿಯವರೇ ಇದ್ದಾರೆ. ಆಕೆ ತಲೆಯಾಡಿಸಿ "ಇಲ್ಲೆ" ಎನ್ನುತ್ತಾಳೆ. ಪುಸ್ತಕದಲ್ಲಿ ತೊಂದರೆ ಏನೂ ಇಲ್ಲ ಎಂದು ಬರೆಯಲಾಗುತ್ತದೆ. ಆದರೆ ನಾಲ್ಕು ದಿನದಿಂದ ಮೂತ್ರ ಮಾಡುವಾಗ ಆಕೆಗೆ ಉರಿ ಇದೆ.

ಇದು ಕಲ್ಪಿತ ಮನೆಯೇ ಆದರೂ ಇಂಥ ಮನೆಗಳು ಕೋಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನಮ್ಮ ಜನ ಇರುವ ಕಡೆಯೆಲ್ಲ ಇವೆ. ದೇವಾಂಗರ ಬೀದಿಗಳಲ್ಲಿ, ಒಕ್ಕಲಿಗರ ಊರುಗಳಲ್ಲಿ ಮನೆಮಾತು ಕನ್ನಡ, ಹೊರಗಿನ ಮಾತು ತಮಿಳು. ಹೆಣ್ಣು ತರುವುದೂ ಕೊಡುವುದೂ ಗಡಿ ದಾಟಿಯೇ ನಡೆದು ಬಂದಿದೆ. ಆದ್ದರಿಂದ ಗರ್ಭಿಣಿಯ ಸೋಂಕಿನ ವಿಚಾರದಲ್ಲಿ ನಮಗೆ ಎರಡು ತೊಡಕುಗಳಿವೆ. ಸೋಂಕು ತಾನಾಗಿ ಬಾಯಿ ಬಿಡುವುದಿಲ್ಲ. ಹೆಣ್ಣುಮಗಳೂ ಬಾಯಿ ಬಿಡುವುದಿಲ್ಲ. ಈ ಎರಡನ್ನೂ ಹೇಗೆ ಬಿಡಿಸುವುದು ಎಂಬುದೇ ಇವತ್ತಿನ ವಿಷಯ.

ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ದೇಹವನ್ನು ಹೊಕ್ಕು ಬೆಳೆದು ತೊಂದರೆ ಕೊಡುವುದಕ್ಕೆ ಸೋಂಕು ಎನ್ನುತ್ತೇವೆ. ಬಸುರಿನಲ್ಲಿ ಇದರ ಭಯ ಹೆಚ್ಚು. ಮಗುವನ್ನು ಪರಕೀಯ ವಸ್ತುವೆಂದು ತಳ್ಳದೆ ಹೊತ್ತುಕೊಳ್ಳುವುದಕ್ಕಾಗಿ ತಾಯಿಯ ದೇಹದ ಕಾವಲಿನ ರೀತಿಯೇ ಆ ಕಾಲದಲ್ಲಿ ಸ್ವಲ್ಪ ಬದಲಾಗುತ್ತದೆ. ಕೆಲವು ಸೋಂಕುಗಳು ಮಾಸನ್ನು ದಾಟಿ ಮಗುವಿಗೆ ಹೋಗುತ್ತವೆ. ಕೆಲವು ಹೆರಿಗೆಯ ಹೊತ್ತಿನಲ್ಲಿ ತಗಲುತ್ತವೆ. ಇನ್ನು ಕೆಲವು ತಾಯಿಯನ್ನೇ ಕಾಡಿ, ದಿನ ತುಂಬುವ ಮೊದಲೇ ಹೆರಿಗೆಯಾಗುವಂತೆ ಮಾಡುತ್ತವೆ. ಆದರೆ ಇವುಗಳಲ್ಲಿ ಹೆಚ್ಚಿನವನ್ನು ತಡೆಯಬಹುದು, ಇಲ್ಲವೇ ಬೇಗ ಕಂಡುಹಿಡಿದು ಗುಣಪಡಿಸಬಹುದು.

ಮೊದಲು ಆ ಸೊಸೆಯ ಉರಿಯನ್ನೇ ತೆಗೆದುಕೊಳ್ಳೋಣ. ಬಸುರಿನಲ್ಲಿ ಗರ್ಭಕೋಶ ದೊಡ್ಡದಾಗಿ ಮೂತ್ರದ ನಾಳಗಳನ್ನು ಒತ್ತುತ್ತದೆ. ಆ ಕಾಲದಲ್ಲಿ ರಕ್ತದಲ್ಲಿ ಹೆಚ್ಚುವ ರಸವೊಂದು ನಾಳಗಳ ಬಿಗಿಯನ್ನೂ ಸಡಿಲಿಸುತ್ತದೆ. ಮೂತ್ರ ಸರಾಗವಾಗಿ ಇಳಿಯದೆ ಸ್ವಲ್ಪ ನಿಲ್ಲುತ್ತದೆ. ನಿಂತ ನೀರಿನಲ್ಲಿ ಪಾಚಿ ಕಟ್ಟುವಂತೆ ನಿಂತ ಮೂತ್ರದಲ್ಲಿ ರೋಗಾಣು ಬೆಳೆಯುತ್ತದೆ. ಉರಿ, ಪದೇ ಪದೇ ಹೋಗಬೇಕೆನ್ನಿಸುವುದು, ಕಿಬ್ಬೊಟ್ಟೆ ನೋವು ಇದ್ದರೆ ತಿಳಿಯುತ್ತದೆ. ಆದರೆ ನೂರು ಮಂದಿ ಗರ್ಭಿಣಿಯರಲ್ಲಿ 2ರಿಂದ 10 ಮಂದಿಗೆ ಉರಿಯೂ ಇಲ್ಲದೆ, ನೋವೂ ಇಲ್ಲದೆ ಮೂತ್ರದಲ್ಲಿ ರೋಗಾಣು ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ಅಂಥವರಲ್ಲಿ ನೂರಕ್ಕೆ 30ರವರೆಗೂ ಮಂದಿಗೆ ಸೋಂಕು ಮೇಲೇರಿ ಮೂತ್ರಪಿಂಡಕ್ಕೆ ಹೋಗಬಹುದು. ಆಗ ನಡುಕದ ಜ್ವರ, ಬೆನ್ನಿನ ಪಕ್ಕದಲ್ಲಿ ನೋವು, ವಾಂತಿ. ಅದು ಆಸ್ಪತ್ರೆಗೆ ಸೇರಬೇಕಾದ ಕಾಯಿಲೆ. ತಿಂಗಳು ತುಂಬದ ಮಗು, ತೂಕ ಕಡಿಮೆಯ ಮಗು ಹುಟ್ಟುವುದಕ್ಕೆ ಇದೂ ಒಂದು ಕಾರಣ.

ಇದನ್ನು ಹಿಡಿಯುವುದು ಒಂದು ಸಣ್ಣ ಸೀಸೆಯ ಮೂತ್ರ. ಆರೋಗ್ಯ ಕೇಂದ್ರದಲ್ಲಿ ಸೀಸೆ ಕೊಟ್ಟರೆ ಬಹಳ ಮಂದಿ ಸಂಕೋಚಪಟ್ಟು ಹೇಗೋ ತುಂಬಿಸಿ ಕೊಡುತ್ತಾರೆ. ಸರಿಯಾದ ಕ್ರಮ ಹೀಗಿದೆ. ಮೊದಲು ನೀರಿನಿಂದ ತೊಳೆದುಕೊಳ್ಳಬೇಕು. ಮೊದಲು ಬರುವ ಮೂತ್ರವನ್ನು ಬಿಟ್ಟು, ನಡುವೆ ಬರುವುದನ್ನು ಸೀಸೆಗೆ ಹಿಡಿಯಬೇಕು. ಸೀಸೆಯ ಒಳಗೆ ಬೆರಳು ಹಾಕಬಾರದು. ಸೋಂಕು ಕಂಡರೆ ಡಾಕ್ಟರು ಬಸುರಿಗೆ ಹೊಂದುವ ಮಾತ್ರೆ ಕೊಡುತ್ತಾರೆ. ಎರಡು ದಿನಕ್ಕೆ ಉರಿ ನಿಂತರೂ ಹೇಳಿದಷ್ಟು ದಿನವೂ ಮಾತ್ರೆ ಮುಗಿಸಬೇಕು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವುದು, ನಾದಿನಿಗೆ ಕೊಟ್ಟಿದ್ದ ಮಾತ್ರೆಯಲ್ಲಿ ಉಳಿದದ್ದನ್ನು ನುಂಗುವುದು ಬೇಡ. ಟೆಟ್ರಾಸೈಕ್ಲಿನ್ ಜಾತಿಯ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿನ ಹಲ್ಲಿನ ಬಣ್ಣವನ್ನೇ ಕೆಡಿಸುತ್ತವೆ.

ನಮ್ಮ ಕಡೆ ಈ ಕಾಯಿಲೆಗೆ ಇನ್ನೊಂದು ಕಾರಣ ಕೆಲಸದ ರೀತಿ. ಬನಿಯನ್ ಕಂಪನಿಯಲ್ಲಿ ಮೆಷಿನ್ ಬಿಟ್ಟು ಏಳಲು ಸೂಪರ್‌ವೈಸರನ್ನು ಕೇಳಬೇಕು, ಶೌಚಾಲಯಕ್ಕೆ ಸಾಲು ನಿಲ್ಲಬೇಕು. ಆದ್ದರಿಂದ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತವರೂ ಒಂದು ಗಜ ಮುಗಿಯಲಿ ಎಂದು ತಡೆದುಕೊಳ್ಳುತ್ತಾರೆ. ಬಸುರಿಗೆ ಇದು ಸಲ್ಲದು. ದಿನಕ್ಕೆ ಎಂಟು ಹತ್ತು ಲೋಟ ನೀರು ಕುಡಿಯಬೇಕು, ಎರಡು ಮೂರು ಗಂಟೆಗೊಮ್ಮೆ ಎದ್ದು ಹೋಗಬೇಕು. ಕಾರ್ಖಾನೆಯಲ್ಲಿ ಕುಡಿಯುವ ನೀರು ಇರಬೇಕು, ಹೆಂಗಸರಿಗೆ ಬೇರೆ ಶೌಚಾಲಯ ಇರಬೇಕು ಎಂಬುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಇರುವ ಕಾನೂನು. ಅದನ್ನು ಕೇಳುವುದು ದಯೆ ಬೇಡಿದಂತಲ್ಲ. ಮನೆಯಲ್ಲಿ ಮಗ್ಗವಿದ್ದರೆ ಅತ್ತೆಯವರೇ "ಎದ್ದು ಹೋಗಿ ಬಾಮ್ಮ" ಎಂದು ಹೇಳಿದರೆ ಅದೇ ದೊಡ್ಡ ಔಷಧ.

ಬಿಳುಪು ಹೋಗುವುದರ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಸುರಿನಲ್ಲಿ ಬಿಳುಪು ಸ್ವಲ್ಪ ಹೆಚ್ಚುವುದು ಸಹಜ. ತೆಳ್ಳಗೆ, ವಾಸನೆಯಿಲ್ಲದೆ ಇದ್ದರೆ ಹೆದರಬೇಕಾಗಿಲ್ಲ. ಕೆಟ್ಟ ವಾಸನೆ, ತುರಿಕೆ, ಹಳದಿ ಇಲ್ಲವೇ ಹಸಿರು ಬಣ್ಣ, ಮೊಸರು ಒಡೆದಂತೆ ಗಟ್ಟಿಯಾಗಿ ಬರುವುದು ಕಂಡರೆ ಅದು ಸೋಂಕು. ಒಳಗೆ ಸೋಪು ಹಾಕಿ, ಡೆಟಾಲ್ ಹಾಕಿ ತೊಳೆದರೆ ಹೋಗುವುದಿಲ್ಲ, ಇನ್ನೂ ಹೆಚ್ಚುತ್ತದೆ. ಇಂಥ ಸೋಂಕುಗಳಲ್ಲಿ ಕೆಲವಕ್ಕೆ ಗಂಡನೂ ಮಾತ್ರೆ ತೆಗೆದುಕೊಳ್ಳಬೇಕಾಗುತ್ತದೆ. ಹೆಂಡತಿಗೆ ಮಾತ್ರ ಗುಣವಾಗಿ ಗಂಡನಲ್ಲಿ ಉಳಿದರೆ ಅದು ಮತ್ತೆ ಬರುತ್ತದೆ.

ಇನ್ನು ರಕ್ತ ಪರೀಕ್ಷೆ. ಬಸುರಿ ಎಂದು ತಿಳಿದ ಕೂಡಲೇ, ಮೂರು ತಿಂಗಳ ಒಳಗೇ ಹೆಸರು ಬರೆಸಿದರೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಮುಖ್ಯವಾಗಿ ಮೂರು ಸೋಂಕುಗಳಿಗೆ ರಕ್ತ ನೋಡುತ್ತಾರೆ: ಎಚ್.ಐ.ವಿ., ಸಿಫಿಲಿಸ್, ಹೆಪಟೈಟಿಸ್ ಬಿ. ಈ ಮೂರೂ ವರ್ಷಗಟ್ಟಲೆ ಒಳಗೇ ಇದ್ದು ಹೊರಗೆ ಏನನ್ನೂ ತೋರಿಸದಿರಬಹುದು. "ನಮ್ಮ ಮನೆಗೆ ಇಂಥ ಪರೀಕ್ಷೆ ಯಾಕೆ?" ಎಂದು ಕೆಲವು ಹಿರಿಯರು ಸಿಟ್ಟಾಗುತ್ತಾರೆ. ಸಿಟ್ಟಾಗಬೇಕಾಗಿಲ್ಲ. ಯಾರ ನಡತೆಯನ್ನೂ ಅಳೆಯುವ ಪರೀಕ್ಷೆ ಇದಲ್ಲ. ಬಸುರಿಯಾದ ಎಲ್ಲರಿಗೂ ಮಾಡುತ್ತಾರೆ, ಮಗುವಿನ ಸಲುವಾಗಿ ಮಾಡುತ್ತಾರೆ.

ಭಾರತದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ, ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಅವರ ಶಿಷ್ಯೆ ಡಾಕ್ಟರ್ ನಿರ್ಮಲಾ ಅವರ ಕೆಲಸದಿಂದ. ಆಗ ಆ ಹೆಸರು ಕೇಳಿದರೇ ಜನ ನಡುಗುತ್ತಿದ್ದರು. ಇವತ್ತು ಲೆಕ್ಕ ಬೇರೆ. ಸೋಂಕಿರುವ ತಾಯಿಗೆ ಚಿಕಿತ್ಸೆಯೇ ಇಲ್ಲದಿದ್ದರೆ ಮಗುವಿಗೆ ಅದು ಹೋಗುವ ಸಂಭವ ನೂರಕ್ಕೆ 15ರಿಂದ 45. ಬಸುರಿನಲ್ಲಿಯೇ ಗೊತ್ತಾಗಿ ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಅದು ನೂರಕ್ಕೆ 5ಕ್ಕಿಂತ ಕೆಳಗಿಳಿಯುತ್ತದೆ. ಸಿಫಿಲಿಸ್ ಆದರೆ ಪೆನ್ಸಿಲಿನ್ ಸೂಜಿಯಿಂದ ಗುಣವಾಗುತ್ತದೆ. ಹೆರಿಗೆಗೆ ತಿಂಗಳಿಗಿಂತ ಮುಂಚೆಯೇ ಆ ಸೂಜಿ ಬಿದ್ದಿದ್ದರೆ ಮಗುವಿಗೆ ರಕ್ಷಣೆ. ಬಿಟ್ಟರೆ ಮಗು ಹೊಟ್ಟೆಯಲ್ಲೇ ಹೋಗಬಹುದು. ಹೆಪಟೈಟಿಸ್ ಬಿ ಇರುವ ತಾಯಿಯ ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಬೀಳಲೇಬೇಕು, ಜೊತೆಗೆ ಇನ್ನೊಂದು ಸೂಜಿಯನ್ನೂ ಡಾಕ್ಟರು ಕೊಡಬಹುದು. ಇದೆಲ್ಲ ಮೊದಲೇ ಗೊತ್ತಿದ್ದರೆ ಆಗುವ ಕೆಲಸ. ಹೆರಿಗೆ ನೋವು ಬಂದ ಮೇಲೆ ಹುಡುಕಿ ಮಾಡುವುದು ಕಷ್ಟ. ಹೆಂಡತಿ ಪರೀಕ್ಷೆ ಮಾಡಿಸಿದ ದಿನವೇ ಗಂಡನೂ ಮಾಡಿಸಿಕೊಳ್ಳುವುದು ಒಳ್ಳೆಯದು. ಮೊದಲೇ ಹೇಳಿದೆನಲ್ಲ, ಗಂಡಸರು ಎದ್ದು ಹೋಗಬೇಡಿ ಎಂದು, ಅದಕ್ಕೆ ಒಂದು ಕಾರಣ ಇದು.

ಸೂಜಿಯ ಮಾತು ಬಂದದ್ದರಿಂದ ಧನುರ್ವಾಯುವನ್ನು ನೆನೆಯಬೇಕು. ಹಿಂದೆ ಮನೆಯಲ್ಲೇ ಹೆರಿಗೆ. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದಲೋ ಹಳೆಯ ಬ್ಲೇಡಿನಿಂದಲೋ ಕೊಯ್ದು, ಬೂದಿಯನ್ನೋ ಸಗಣಿಯನ್ನೋ ಹಚ್ಚುವ ರೂಢಿ ಎಷ್ಟೋ ಕಡೆ ಇತ್ತು. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ, ಸಗಣಿಯಲ್ಲಿ. ಎರಡು ದಿನ ಚೆನ್ನಾಗಿ ಹಾಲು ಕುಡಿದ ಕೂಸು ಮೂರನೆಯ ದಿನದ ಮೇಲೆ ಬಾಯಿ ಬಿಗಿದು, ಮೊಲೆ ಹಿಡಿಯಲಾರದೆ, ಬಿಲ್ಲಿನಂತೆ ಬಾಗಿ ಸಾಯುತ್ತಿತ್ತು. ಅದನ್ನು ಗಾಳಿ ಎಂದರು, ದೃಷ್ಟಿ ಎಂದರು. ಬಸುರಿಗೆ ಸೂಜಿ ಹಾಕುವುದು, ಶುದ್ಧವಾದ ಕೈ, ಶುದ್ಧವಾದ ಜಾಗ, ಹೊಸ ಬ್ಲೇಡು, ಶುದ್ಧವಾದ ದಾರ, ಹೊಕ್ಕುಳಿಗೆ ಏನನ್ನೂ ಹಚ್ಚದಿರುವುದು, ಆಸ್ಪತ್ರೆಯಲ್ಲಿ ಹೆರಿಗೆ, ಇಷ್ಟರಿಂದಲೇ ಅದು ಇಳಿಯುತ್ತ ಬಂತು. ತಾಯಿ ಮತ್ತು ಹಸುಗೂಸಿನ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು.

ನಿವಾರಣೆಯಾಯಿತು ಎಂದರೆ ರೋಗಾಣು ಹೋಯಿತು ಎಂದಲ್ಲ. ಮಣ್ಣು ಇರುವವರೆಗೆ ಅದು ಇರುತ್ತದೆ. ಆದ್ದರಿಂದ ಸೂಜಿ ನಿಲ್ಲಿಸುವಂತಿಲ್ಲ. ಮುಂಚೆ ಟಿ.ಟಿ. ಎನ್ನುತ್ತಿದ್ದ ಸೂಜಿಯ ಬದಲು 2019ರಿಂದೀಚೆಗೆ ಟಿ.ಡಿ. ಬಂದಿದೆ. ಅದು ಗಂಟಲಮಾರಿಯನ್ನೂ ತಡೆಯುತ್ತದೆ. ಬಸುರಿ ಎಂದು ತಿಳಿದ ಕೂಡಲೇ ಒಂದು, ನಾಲ್ಕು ವಾರದ ಮೇಲೆ ಇನ್ನೊಂದು. ಹಿಂದಿನ ಬಸುರಿನಲ್ಲಿ ಎರಡೂ ಆಗಿ ಮೂರು ವರ್ಷದ ಒಳಗೆ ಮತ್ತೆ ಬಸುರಿಯಾದರೆ ಒಂದೇ ಸಾಕು. ತಾಯಿಗೆ ಹಾಕಿದ ಸೂಜಿಯ ಬಲ ಮಾಸಿನ ಮೂಲಕ ಮಗುವಿಗೆ ಹೋಗಿ, ಹುಟ್ಟಿದ ಮೊದಲ ವಾರಗಳಲ್ಲಿ ಅದನ್ನು ಕಾಯುತ್ತದೆ.

ಇನ್ನು ಮೈಮೇಲೆ ಗುಳ್ಳೆ ಏಳುವ ಕಾಯಿಲೆಗಳು. ರುಬೆಲ್ಲಾ ಎಂಬುದು ದಡಾರದಂಥದ್ದೇ, ಆದರೆ ಇನ್ನೂ ಹಗುರ. ಎರಡು ಮೂರು ದಿನ ಸಣ್ಣ ಜ್ವರ, ಮೈಮೇಲೆ ಕೆಂಪು, ಆಮೇಲೆ ಮರೆತೇಹೋಗುತ್ತದೆ. ಅದು ಮೊದಲ ಮೂರು ತಿಂಗಳ ಬಸುರಿಗೆ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು ಬೀಳಬಹುದು. ಈ ಸಂಬಂಧವನ್ನು ಮೊದಲು ಕಂಡವರು ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್, 1941ರಲ್ಲಿ. ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆಯಿದ್ದ ಕೂಸುಗಳ ತಾಯಂದಿರು ಬಸುರಿನಲ್ಲಿ ಈ ಹಗುರ ಜ್ವರ ಪಟ್ಟಿದ್ದರೆಂಬುದನ್ನು ಅವರು ಗಮನಿಸಿದರು.

ಇದಕ್ಕೆ ಲಸಿಕೆ ಇದೆ. 2017ರ ಫೆಬ್ರವರಿಯಲ್ಲಿ ದೇಶದಲ್ಲಿ ದಡಾರ–ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ಶುರುವಾದಾಗ ಮೊದಲ ಸುತ್ತಿನಲ್ಲೇ ತಮಿಳುನಾಡೂ ಇತ್ತು, ಕರ್ನಾಟಕವೂ ಇತ್ತು. 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ಹಾಕಿದರು. ಆಗ ಫೋನಿನಲ್ಲಿ ಹರಿದಾಡಿದ ಸುದ್ದಿಗೆ ಹೆದರಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲಿಟ್ಟುಕೊಂಡವರೂ ಇದ್ದರು. ಆ ದಿನ ಶಾಲೆಯಲ್ಲಿ ತೋಳು ಚಾಚಿದ ಹುಡುಗಿಯರಲ್ಲಿ ದೊಡ್ಡವರು ಈಗ ಮದುವೆಯ ವಯಸ್ಸಿನವರು. ಅವರಿಗೆ ಆ ರಕ್ಷಣೆ ಇದೆ. ತಪ್ಪಿಸಿಕೊಂಡವರು ಮದುವೆಗೆ ಮುಂಚೆ ಡಾಕ್ಟರನ್ನು ಕೇಳಿ ಹಾಕಿಸಿಕೊಳ್ಳಬಹುದು. ಬಸುರಿಯಾದ ಮೇಲೆ ಈ ಲಸಿಕೆ ಹಾಕುವಂತಿಲ್ಲ. ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಬಸುರಾಗದಂತೆ ನೋಡಿಕೊಳ್ಳಬೇಕು.

ಸೀತಾಳೆ ಸಿಡುಬನ್ನು ನಾವು ಅಮ್ಮ ಎನ್ನುತ್ತೇವೆ, ತಮಿಳರು ಅಮ್ಮೈ ಎನ್ನುತ್ತಾರೆ. ಎರಡು ಕಡೆಯೂ ತಾಯಿ ಬಂದಿದ್ದಾಳೆಂಬ ಭಕ್ತಿ. ಕೋಯಮತ್ತೂರಿನಲ್ಲಿ ಪ್ಲೇಗಿನ ಹೆಸರಿನಲ್ಲೇ ಮಾರಿಯಮ್ಮನ ಗುಡಿಗಳಿವೆ. ಕಂಡ ಸಂಕಟಕ್ಕೆಲ್ಲ ತಾಯಿಯ ಹೆಸರಿಟ್ಟು ಮೊರೆಹೋದ ಜನ ನಾವು. ಆ ಭಕ್ತಿಗೆ ನಾನು ಅಡ್ಡಬರುವುದಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ ಮನೆಗೆ ಹೊರಗಿನವರು ಹೋಗಬಾರದೆಂಬ ಹಿರಿಯರ ಕಟ್ಟಳೆಯಲ್ಲಿ ಬಹಳ ಬುದ್ಧಿಯಿದೆ. ಬಸುರಿ ಅದನ್ನು ತಪ್ಪದೆ ಪಾಲಿಸಲಿ, ತೀರ್ಥ ಪ್ರಸಾದಕ್ಕೂ ಆ ಮನೆಗೆ ಹೋಗದಿರಲಿ. ತಿಳಿಯದೆ ಹೋಗಿ ಬಂದಿದ್ದರೆ, ಚಿಕ್ಕಂದಿನಲ್ಲಿ ತನಗೆ ಅಮ್ಮ ಆಗಿರದಿದ್ದರೆ, ಗುಳ್ಳೆ ಏಳುವವರೆಗೆ ಕಾಯದೆ ಆ ದಿನವೇ ಡಾಕ್ಟರಿಗೆ ಹೇಳಬೇಕು. ಬೇಗ ಹೇಳಿದರೆ ಕೊಡುವ ಔಷಧವಿದೆ. ಹೆರಿಗೆಗೆ ಐದು ದಿನ ಮುಂಚಿನಿಂದ ಹೆರಿಗೆಯಾದ ಎರಡು ದಿನದವರೆಗೆ ತಾಯಿಗೆ ಗುಳ್ಳೆ ಎದ್ದರೆ ಕೂಸಿಗೆ ಅಪಾಯ ಬಹಳ ಹೆಚ್ಚು. ಆಗ ಆಸ್ಪತ್ರೆ ಬಿಟ್ಟು ಬೇರೆ ದಾರಿಯಿಲ್ಲ.

ನೀರಿನ ಕಡೆಗೆ ಬರೋಣ. ಸಿರುವಾಣಿ ನೀರು ಸಿಹಿ ಎಂದು ಹೆಸರಾಗಿದೆ. ಸಿಹಿಯಾದ ನೀರೂ ಕೊಳಾಯಿ ಒಡೆದಲ್ಲಿ ಚರಂಡಿಯೊಂದಿಗೆ ಬೆರೆಯಬಹುದು. ಹೀಗೆ ಕೆಟ್ಟ ನೀರಿನಿಂದ ಬರುವ ಕಾಮಾಲೆಗಳಲ್ಲಿ ಹೆಪಟೈಟಿಸ್ ಇ ಎಂಬುದೊಂದು ಇದೆ. ಬೇರೆಯವರಿಗೆ ಅದು ಕೆಲವು ವಾರ ಕಾಡಿ ಹೋಗುತ್ತದೆ. ಕೊನೆಯ ಮೂರು ತಿಂಗಳ ಬಸುರಿಗೆ ಬಂದರೆ ನೂರಕ್ಕೆ 20ರಿಂದ 25 ಮಂದಿಯ ಪ್ರಾಣವನ್ನೇ ತೆಗೆಯಬಲ್ಲದು. ಆದ್ದರಿಂದ ಬಸುರಿ ಕುಡಿಯುವ ನೀರನ್ನು ಕುದಿಸಬೇಕು. ಕೈಗೆ ಬಿಸಿ ತಾಕಿದರೆ ಸಾಲದು, ಕೊತಕೊತ ಕುದಿಯಬೇಕು. ಕಣ್ಣು ಹಳದಿಯಾದರೆ, ಮೂತ್ರ ಗಾಢ ಹಳದಿಯಾದರೆ ಸೊಪ್ಪಿನ ಔಷಧಕ್ಕೆಂದು ಊರೂರು ಅಲೆಯಬಾರದು. ಮೊದಲು ಆಸ್ಪತ್ರೆ.

ನಲ್ಲಿಯಲ್ಲಿ ನೀರು ಕೆಲವು ದಿನಕ್ಕೊಮ್ಮೆ ಬರುವ ಊರುಗಳಲ್ಲಿ ಡ್ರಮ್ಮು, ತೊಟ್ಟಿಗಳಲ್ಲಿ ತುಂಬಿಡುವುದು ಅನಿವಾರ್ಯ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲೇ, ಕಚ್ಚುವುದು ಹಗಲಿನಲ್ಲೇ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ. ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ, ಗೋಡೆಗೆ ಅಂಟಿದ ಮೊಟ್ಟೆ ಹೋಗುವಂತೆ ತೆಂಗಿನ ನಾರಿನಿಂದ ತಿಕ್ಕಿ, ಬಟ್ಟೆ ಕಟ್ಟಿ ಮುಚ್ಚಿದರೆ ಆ ಲೆಕ್ಕ ತಪ್ಪುತ್ತದೆ. ತುಂಬಿದ ಡ್ರಮ್ಮು ಬಗ್ಗಿಸುವುದು ಬಸುರಿಯ ಕೆಲಸವಲ್ಲ, ಅದು ಗಂಡಸರ ಪಾಲು. ಇದೇ ಜಾತಿಯ ಸೊಳ್ಳೆ ಜೀಕಾ ಎಂಬ ಸೋಂಕನ್ನೂ ಹರಡುತ್ತದೆ. ಅದು ಮಗುವಿನ ತಲೆ, ಮೆದುಳು ಬೆಳೆಯದಂತೆ ಮಾಡಬಲ್ಲದು. 2021ರ ಜುಲೈಯಲ್ಲಿ ಪಕ್ಕದ ಕೇರಳದಲ್ಲಿ ಅದು ಮೊದಲು ಪತ್ತೆಯಾದದ್ದು ಒಬ್ಬ ಗರ್ಭಿಣಿಯಲ್ಲೇ. ಬಸುರಿಗೆ ಜ್ವರ ಬಂದರೆ ಅಂಗಡಿಯ ನೋವಿನ ಮಾತ್ರೆ ಬೇಡ. ರಕ್ತ ನೋಡಿಸಿ, ಡಾಕ್ಟರು ಹೇಳಿದ್ದನ್ನೇ ಕೊಡಬೇಕು.

ಊಟ, ದನಕರುಗಳ ವಿಷಯ ಸ್ವಲ್ಪ. ಹಸಿ ಹಾಲು ಬಲ ಎಂದು ಬಸುರಿಗೆ ಕುಡಿಸುವವರಿದ್ದಾರೆ. ಕಾಯಿಸಿಯೇ ಕೊಡಬೇಕು. ಮಾಂಸ, ಮೊಟ್ಟೆ ಒಳಗಿನವರೆಗೆ ಬೇಯಬೇಕು. ಹಸು ಕಂದು ಹಾಕಿದರೆ ಆ ಕಂದನ್ನೂ ಮಾಸನ್ನೂ ಬಸುರಿ ಮುಟ್ಟಬಾರದು, ಮೇಕೆ ಈಯುವಾಗ ಕೈಹಾಕಬಾರದು. ದನಗಳು ಕಂದು ಹಾಕುವಂತೆ ಮಾಡುವ ರೋಗಾಣು ಮನುಷ್ಯರಿಗೂ ಬರುತ್ತದೆ. ಬೆಕ್ಕಿನ ಮಲವಿರುವ ಮರಳು, ಮಣ್ಣನ್ನು ಬರಿಗೈಯಲ್ಲಿ ಬಳಿಯಬಾರದು. ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕು. ಬಸುರಿಗೇ ಕ್ಷಯ ಬಂದರೂ ಬಸುರಿನಲ್ಲೇ ಚಿಕಿತ್ಸೆ ಇದೆ, ಮುಂದೂಡಬಾರದು.

ಎಲ್ಲಕ್ಕೂ ಮಿಗಿಲಾದದ್ದು ಕೈ ತೊಳೆಯುವುದು. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯೊಂದರಲ್ಲಿ ನೂರಕ್ಕೆ 18 ಮಂದಿ ಬಾಣಂತಿಯರು ನಂಜು ಜ್ವರದಿಂದ ಸತ್ತ ತಿಂಗಳೂ ಇತ್ತು. ಹೆಣ ಕೊಯ್ದು ಪಾಠ ಕಲಿತ ಡಾಕ್ಟರುಗಳು ಅದೇ ಕೈಯಲ್ಲಿ ಹೆರಿಗೆ ಮಾಡಿಸುತ್ತಿದ್ದರು. ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ನಿಯಮ ಮಾಡಿದ ಮೇಲೆ ಒಂದೆರಡು ತಿಂಗಳಲ್ಲೇ ಸಾವು ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ರೋಗಾಣುವಿನ ಹೆಸರೇ ತಿಳಿಯದ ಕಾಲದಲ್ಲಿ ಬರೀ ಕೈ ತೊಳೆದು ಆದ ಕೆಲಸ ಅದು. ಅಡಿಗೆಗೆ ಮುಂಚೆ, ಊಟಕ್ಕೆ ಮುಂಚೆ, ಶೌಚದ ನಂತರ, ಮಗುವನ್ನು ಎತ್ತಿಕೊಳ್ಳುವ ಮುಂಚೆ ಸೋಪು ಹಾಕಿ 20 ಎಣಿಸುವಷ್ಟು ಹೊತ್ತು ತಿಕ್ಕಿ ತೊಳೆಯಬೇಕು. ಬಾಣಂತಿಯನ್ನು ನೋಡಲು ಬಂದ ನೆಂಟರಿಗೆ ಮೊದಲು ನೀರು ಸೋಪು ಕೊಟ್ಟು ಆಮೇಲೆ ಕೂಸು ಕೊಡಿ. ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಇನ್ನು ತವರಿಗೆ ಹೋಗುವ ವಿಷಯ. ಚೊಚ್ಚಲ ಬಾಣಂತನ ತವರಿನಲ್ಲಿ ಎಂಬುದು ನಮ್ಮ ಪದ್ಧತಿ. ಸತ್ಯಮಂಗಲ ದಾಟಿ ದಿಂಬಂ ಘಾಟಿಯ 27 ತಿರುವು ಹತ್ತಿ ಚಾಮರಾಜನಗರಕ್ಕೆ ಹೋಗುವವರಿದ್ದಾರೆ, ಆ ಕಡೆಯಿಂದ ಈ ಕಡೆಗೆ ಬರುವವರೂ ಇದ್ದಾರೆ. ಸೀರೆ, ಬಳೆ, ತಿಂಡಿಯ ಡಬ್ಬ ಎಲ್ಲ ಹೋಗುತ್ತದೆ. ತಪಾಸಣೆಯ ಪುಸ್ತಕ ಮಾತ್ರ ಗಂಡನ ಮನೆಯ ಬೀರುವಿನಲ್ಲಿ ಉಳಿಯುತ್ತದೆ. ಹೆರಿಗೆ ನೋವಿನಲ್ಲಿ ಬಂದವಳ ರಕ್ತ ಯಾವ ಗುಂಪು, ಹೆಪಟೈಟಿಸ್ ಇದೆಯೇ, ಸೂಜಿ ಎಷ್ಟು ಆಗಿದೆ ಎಂಬುದು ಅಲ್ಲಿನ ಡಾಕ್ಟರಿಗೆ ತಿಳಿಯುವುದು ಹೇಗೆ? ಈ ಕಡೆಯ ಪುಸ್ತಕ ತಮಿಳಿನಲ್ಲಿರುತ್ತದೆ, ಆ ಕಡೆಯ ತಾಯಿ ಕಾರ್ಡು ಕನ್ನಡದಲ್ಲಿ. ಹೊರಡುವ ಮುಂಚೆ ನರ್ಸಮ್ಮನ ಹತ್ತಿರ ಪರೀಕ್ಷೆಗಳ ಹೆಸರು, ಫಲಿತಾಂಶ, ತಾರೀಖು, ಈಗ ನಡೆಯುತ್ತಿರುವ ಮಾತ್ರೆ, ಇಷ್ಟನ್ನೂ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ತಮಿಳುನಾಡಿನಲ್ಲಿ ಕೊಡುವ ಪಿಕ್ಮಿ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ತವರು ಮುಟ್ಟಿದ ವಾರದೊಳಗೆ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಹೆಸರು ಹೇಳಿಸಿ. ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ತಪಾಸಣೆ ನಡೆಯುವ ಏರ್ಪಾಡು 2016ರಿಂದ ದೇಶದಲ್ಲೆಲ್ಲ ಇದೆ. ತುರ್ತಿಗೆ ಎರಡೂ ರಾಜ್ಯದಲ್ಲಿ 108 ಒಂದೇ ಸಂಖ್ಯೆ.

ಇನ್ನು ಕೆಲವು ಮಾತುಗಳನ್ನು ಎರಡು ಭಾಷೆಯಲ್ಲೂ ಹೇಳುತ್ತೇನೆ. ಗಡಿ ದಾಟಿ ಬಂದ ಸೊಸೆಯರು ಬಾಯಿಪಾಠ ಮಾಡಿಕೊಳ್ಳಬೇಕು, ಇಲ್ಲಿಯೇ ಹುಟ್ಟಿ ಬೆಳೆದವರು ಅವರಿಗೆ ಕಲಿಸಬೇಕು. ಮೂತ್ರದ ಉರಿ ಎಂದರೆ ನೀರ್ ಕಡುಪ್ಪು. ಬಿಳುಪು ಹೋಗುವುದು ಎಂದರೆ ವೆಳ್ಳೈಪಡುದಲ್. ಚಳಿಜ್ವರ ಎಂದರೆ ಕುಳಿರ್ ಕಾಚ್ಚಲ್. ಕಾಮಾಲೆ ಎಂದರೆ ಮಂಜಳ್ ಕಾಮಾಲೈ. ಹೆರಿಗೆಗೆ ಮುಂಚೆ ನೀರು ಒಡೆಯುವುದು ಎಂದರೆ ಪನಿಕ್ಕುಡಂ ಉಡೈವದು. ಈ ಕಡೆಯ ಮದುಮಗಳು ಆ ಕಡೆ ಸೇರಿದ್ದರೆ ಇವನ್ನೇ ತಿರುಗಿಸಿ ಕಲಿಯಬೇಕು.

ಯಾವಾಗ ಕಾಯದೆ ಹೊರಡಬೇಕು ಎಂಬುದನ್ನೂ ನೆನಪಿಡಿ. 100.4 ಡಿಗ್ರಿ ಇಲ್ಲವೇ ಅದಕ್ಕೂ ಮೀರಿದ ಜ್ವರ. ನಡುಕದೊಂದಿಗೆ ಬೆನ್ನು ನೋವು. ಕಣ್ಣು ಹಳದಿ. ಕೆಟ್ಟ ವಾಸನೆಯ ಸ್ರಾವ. ನೋವು ಇಲ್ಲದಿದ್ದರೂ ನೀರು ಒಡೆದಿರುವುದು, ಏಕೆಂದರೆ ನೀರು ಒಡೆದು ಹೊತ್ತಾದಷ್ಟೂ ಸೋಂಕು ಮೇಲೇರುತ್ತದೆ. ಮಗುವಿನ ಮಿಸುಕಾಟ ಕಡಿಮೆಯಾಗುವುದು. ಹೆರಿಗೆಯಾದ ಮೇಲೆ ಬಾಣಂತಿಗೆ ಜ್ವರ, ಕಿಬ್ಬೊಟ್ಟೆ ನೋವು, ಮೈಲಿಗೆಯಲ್ಲಿ ದುರ್ವಾಸನೆ. ಕೂಸು ಮೊಲೆ ಹಿಡಿಯದಿರುವುದು. ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಎನ್ನಬಾರದು.

ಈಗ ಆ ಸೊಸೆಯ ಹತ್ತಿರಕ್ಕೆ ಮರಳೋಣ. ಮನೆಗೆ ಬಂದ ಮೇಲೆ ಅತ್ತೆ ಅಡಿಗೆಮನೆಯಲ್ಲಿ ಮೆಲ್ಲಗೆ ಕೇಳುತ್ತಾರೆ ಎಂದುಕೊಳ್ಳೋಣ: "ಏನಮ್ಮ, ನರ್ಸು ಕೇಳಿದ್ದು ನಿನಗೆ ತಿಳಿಯಿತಾ?" "ಇಲ್ಲ ಅತ್ತೆ. ನಾಲ್ಕು ದಿನದಿಂದ ಉರಿ ಇದೆ. ಹೇಗೆ ಹೇಳಲಿ ಅಂತ ಸುಮ್ಮನಾದೆ." ಅತ್ತೆ ಬೈಯುವುದಿಲ್ಲ, ಬೆಳಗಾದರೆ ಮತ್ತೆ ಕರೆದುಕೊಂಡು ಹೋಗುತ್ತಾರೆ. ಸಾಲಿನವರು ಕೇಳದಂತೆ ನರ್ಸಮ್ಮನನ್ನು ಪಕ್ಕಕ್ಕೆ ಕರೆದು ತಾವೇ ಹೇಳುತ್ತಾರೆ. ಒಂದು ಸೀಸೆ ಮೂತ್ರ, ಕೆಲವು ದಿನದ ಮಾತ್ರೆ, ಅಷ್ಟೇ. ಮೂತ್ರಪಿಂಡಕ್ಕೆ ಹತ್ತಬೇಕಾಗಿದ್ದ ಜ್ವರ ಅಲ್ಲೇ ನಿಲ್ಲುತ್ತದೆ.

ನಿಮ್ಮ ಮನೆಯಲ್ಲೂ ಬಸುರಿ ಸೊಸೆಯೋ ಮಗಳೋ ಇದ್ದರೆ ಇವತ್ತು ರಾತ್ರಿ ಊಟವಾದ ಮೇಲೆ ಆ ಒಂದು ಮಾತು ಕೇಳಿ. ಆಕೆಗೆ ಯಾವ ಭಾಷೆ ಸಲೀಸೋ ಆ ಭಾಷೆಯಲ್ಲಿ ಕೇಳಿ.